ಅಮ್ಮನ ಕ್ರೋಶಾ ಬಟ್ಟೆ ಮತ್ತು ಗೋಡೆಯ ಮೇಲಿನ ಪೆಟ್ಟಿಗೆ

ಮಂಡ್ಯದ ನಮ್ಮ ಮನೆಯಲ್ಲಿ ಟಿವಿ ಪಕ್ಕದ ಗೋಡೆಗೆ ಫೈಬರ್ ಇಂಟರ್‌ನೆಟ್ ಪೆಟ್ಟಿಗೆ ಹೊಡೆದಿದ್ದಾರೆ. ಹೋದ ತಿಂಗಳು ಊರಿಗೆ ಹೋದಾಗ ನೋಡುತ್ತೇನೆ, ಅದರ ಮೇಲೆ ಅಮ್ಮ ಕ್ರೋಶಾ ಬಟ್ಟೆ ಹೊದಿಸಿದ್ದಾಳೆ. ಬಿಳಿ ದಾರದ್ದು, ಅಂಚಿಗೆ ಕೆಂಪು ಹೂವು. ತಾನೇ ಕೂತು ಹಾಕಿದ್ದು. "ಧೂಳು ಕೂರ್ತದೆ ಕಣವ್ವ, ಅದ್ಕೆ ಹೊದಿಸಿದೆ" ಅಂದಳು. ಬಟ್ಟೆ ಎತ್ತಿ ಪೆಟ್ಟಿಗೆಯ ಮೇಲೆ ಕೈಯಿಟ್ಟೆ. ಆಗಷ್ಟೇ ಇಸ್ತ್ರಿ ಮಾಡಿದ ಪಂಚೆಯಷ್ಟು ಬಿಸಿ.

ನನ್ನ ಕೆಲಸವೇ ಇದು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಟೆಲಿಕಾಂ ಉಪಕರಣ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಹದಿನೆಂಟು ವರ್ಷದಿಂದ ಪ್ರಾಡಕ್ಟ್ ಸೇಫ್ಟಿ ನೋಡಿಕೊಳ್ಳುತ್ತಿದ್ದೇನೆ. ಪೆಟ್ಟಿಗೆ ಎಷ್ಟು ವೇಗವಾಗಿ ಇಂಟರ್‌ನೆಟ್ ಕೊಡುತ್ತದೆ ಅನ್ನುವುದು ಬೇರೆಯವರ ತಲೆನೋವು. ಅದು ಯಾರಿಗೂ ಶಾಕ್ ಹೊಡೆಯಬಾರದು, ಹತ್ತಿಕೊಂಡು ಉರಿಯಬಾರದು, ಕೈ ಸುಡಬಾರದು. ಅದಿಷ್ಟು ನನ್ನದು. ಗಾಳಿ ಆಡುವ ಕಂಡಿಗಳನ್ನು ಮುಚ್ಚಿಟ್ಟು ಒಳಗೆ ಏನಾಗುತ್ತದೆ ಎಂದು ನೋಡುವ ಪರೀಕ್ಷೆಯೇ ನಮ್ಮ ಸುರಕ್ಷತೆಯ ನಿಯಮಪುಸ್ತಕವಾದ ಸ್ಟ್ಯಾಂಡರ್ಡ್‌ನಲ್ಲಿ ಇದೆ. ಎಷ್ಟೋ ಪೆಟ್ಟಿಗೆಗಳ ಕಂಡಿ ಮುಚ್ಚಿ, ಒಳಗೆ ಬಿಸಿ ಅಳೆಯುವ ಥರ್ಮೋಕಪಲ್ ತಂತಿ ಅಂಟಿಸಿ, ಗಂಟೆಗಟ್ಟಲೆ ಕಾದಿದ್ದೇನೆ. ಅಂದರೆ ಅಮ್ಮನ ಬಟ್ಟೆಯನ್ನು ಯಾರೋ ಎಲ್ಲೋ ಕೂತು ಮೊದಲೇ ಊಹಿಸಿದ್ದರು. ಆ ಊಹೆ ಎಲ್ಲಿಂದ ಬಂತು ಎಂದು ಬರೆಯಬೇಕು ಅನ್ನಿಸಿತು.

ಅಪ್ಪ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟೆಕ್ನಿಷಿಯನ್ ಆಗಿದ್ದವರು. ಚಿಕ್ಕವಳಿದ್ದಾಗ ಊಟದ ಕ್ಯಾರಿಯರ್ ತಗೊಂಡು ಹೋಗುತ್ತಿದ್ದೆ. ಒಳಗಿನ ಬಾಗಿಲ ತನಕ ಮಾತ್ರ. ಅಲ್ಲಿಂದ ಮುಂದೆ ಅಪ್ಪಣೆ ಇಲ್ಲದೆ ಯಾರೂ ಹೋಗುವಂತಿರಲಿಲ್ಲ. ಒಂದೇ ಒಂದು ಸಲ ಭಾನುವಾರ ಬ್ಯಾಟರಿ ರೂಮು ತೋರಿಸಿದ್ದರು. ಮರದ ಸ್ಟ್ಯಾಂಡಿನ ಮೇಲೆ ಸಾಲಾಗಿ ದೊಡ್ಡ ದೊಡ್ಡ ಸೆಲ್‌ಗಳು. ಎರಡೆರಡು ವೋಲ್ಟಿನ 24 ಸೆಲ್, ಒಟ್ಟು 48 ವೋಲ್ಟ್. ಆಸಿಡ್ಡಿನ ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅಪ್ಪ ಆಸಿಡ್ಡಿನ ಸಾಂದ್ರತೆ ಅಳೆಯುವ ಗಾಜಿನ ಹೈಡ್ರೋಮೀಟರನ್ನು ಸೆಲ್ಲಿಗೆ ಅದ್ದಿ, ಬಲ್ಬ್ ಒತ್ತಿ ಬಿಟ್ಟು, ಒಳಗೆ ತೇಲುವ ಕಡ್ಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತಿದ್ದರು. ಓದಿದ್ದನ್ನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಆಮೇಲೆ ಕೈ ತೊಳೆದೇ ನನ್ನ ಕೈ ಹಿಡಿದುಕೊಂಡರು.

ಆ 48 ವೋಲ್ಟ್‌ನಲ್ಲಿ ಪ್ಲಸ್ ತುದಿಯನ್ನು ಭೂಮಿಗೆ ಕೊಟ್ಟಿರುತ್ತಾರೆ. ಹಾಗಾಗಿ ಲೈನು ಮೈನಸ್ 48. ಇದು ಉಲ್ಟಾ ಅನ್ನಿಸಬಹುದು. ಆದರೆ ನೆಲದೊಳಗಿನ ತಾಮ್ರದ ಕೇಬಲ್ಲಿಗೆ ತೇವ ತಾಗಿದಾಗ ತಾಮ್ರ ಕರಗಿ ಹೋಗದಿರಲಿ ಎಂದು ಹೀಗೆ ಮಾಡಿದ್ದು. ಇವತ್ತಿನ ಮೊಬೈಲ್ ಟವರ್‌ಗಳ ಉಪಕರಣವೂ ಹೆಚ್ಚಾಗಿ ಈ ಮೈನಸ್ 48ರಲ್ಲೇ ಓಡುತ್ತದೆ. ಫೋನ್ ಬಾರಿಸಲು ಲೈನಿನ ಮೇಲೆ 75 ವೋಲ್ಟಿನ ಎಸಿ ಬೇರೆ ಹೋಗುತ್ತಿತ್ತು, ಸೆಕೆಂಡಿಗೆ 25 ಸಲ ತಿರುಗುವಂಥದ್ದು. ಲೈನ್‌ಮನ್ ಮನೆಗಳಿಗೆ ತಂತಿ ಹಂಚುವ ಡಿಪಿ ಬಾಕ್ಸಿನ ಹತ್ತಿರ ತಂತಿ ಸುಲಿದು ಹಿಡಿದಿರುವಾಗಲೇ ಆ ನಂಬರಿಗೆ ಯಾರಾದರೂ ಫೋನ್ ಮಾಡಿದರೆ ಕೈಯೆಲ್ಲಾ ಜುಂ ಅನ್ನುತ್ತಿತ್ತಂತೆ. "ಗೊತ್ತಿದ್ದವ್ನು ಬೆರಳ ತುದೀಲಿ ಹಿಡೀತಾನೆ, ಗೊತ್ತಿಲ್ದವ್ನು ಹಲ್ಲಲ್ಲಿ ಸುಲೀತಾನೆ" ಅನ್ನುತ್ತಾರೆ ಅಪ್ಪ.

ಹಳ್ಳಿಗಳಿಗೆ ಫೋನ್ ಬಂದದ್ದು ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಪುಟ್ಟ ಎಕ್ಸ್‌ಚೇಂಜ್‌ಗಳಿಂದ. 128 ಪೋರ್ಟಿನ ಆ ಯಂತ್ರದ ಮೊದಲನೆಯದು ಶುರುವಾಗಿದ್ದು ನಮ್ಮ ಕಿತ್ತೂರಿನಲ್ಲೇ, 1986ರಲ್ಲಿ. ಕೋಣೆ ತಂಪು ಮಾಡುವ ಏಸಿ ಇಲ್ಲದೆ ನಮ್ಮ ಬಿಸಿಲು, ಧೂಳು ತಡೆದುಕೊಂಡು ನಡೆಯುವಂತೆ ಮಾಡಿದ್ದರು. ಅದಕ್ಕೂ ಒಂದು ಕೋಣೆ, ಒಂದು ಬೀಗ, ಬೀಗದ ಕೈ ಇಟ್ಟುಕೊಂಡ ಒಬ್ಬ ಮನುಷ್ಯ ಇರುತ್ತಿದ್ದ.

ಈ ಬೀಗದ ವಿಷಯ ನೆನಪಿಟ್ಟುಕೊಳ್ಳಿ. ನಾನು ಕೆಲಸಕ್ಕೆ ಸೇರಿದಾಗ ನನ್ನ ಮೇಜಿನ ಮೇಲಿದ್ದ ಸ್ಟ್ಯಾಂಡರ್ಡ್ ಐಇಸಿ 60950-1. ಐಇಸಿ ಅಂದರೆ ವಿದ್ಯುತ್ ಉಪಕರಣಗಳ ಸ್ಟ್ಯಾಂಡರ್ಡ್ ಬರೆಯುವ ಅಂತರರಾಷ್ಟ್ರೀಯ ಸಂಸ್ಥೆ. ನಮ್ಮ ದೇಶದಲ್ಲಿ ಅದರ ಹೆಸರು ಐಎಸ್ 13252 ಭಾಗ 1. ಕಂಪ್ಯೂಟರಿಗೂ ಅದೇ, ಟೆಲಿಕಾಂ ಪೆಟ್ಟಿಗೆಗೂ ಅದೇ. ಟಿವಿ, ರೇಡಿಯೊಗೆ ಬೇರೆಯದು, ಐಇಸಿ 60065. ಹಳೆಯ ಪುಸ್ತಕ ಒಳ್ಳೆಯ ಪುಸ್ತಕ. ಈಗಲೂ ಗೌರವ ಇದೆ. ಆದರೆ ಅದರಲ್ಲಿ ಮನುಷ್ಯರು ಮುಖ್ಯವಾಗಿ ಎರಡೇ ಬಗೆ. ಬಳಸುವವರು ಮತ್ತು ರಿಪೇರಿ ಮಾಡುವವರು. ಜೊತೆಗೆ ಬೀಗ ಹಾಕಿದ ಕೋಣೆಗೆ ಒಂದು ಹೆಸರೂ ಇತ್ತು. ಅಂಥ ಕೋಣೆಯೊಳಗೆ ಇಡುವ ಉಪಕರಣಕ್ಕೆ ಕೆಲವು ವಿನಾಯಿತಿ. ಉಳಿದದ್ದು ಬಹುಪಾಲು ಅಳತೆಗಳು. ಇಷ್ಟು ಮಿಲಿಮೀಟರ್ ಅಂತರ ಬಿಡು, ಇಷ್ಟು ದಪ್ಪದ ಪ್ಲಾಸ್ಟಿಕ್ ಹಾಕು, 3000 ವೋಲ್ಟ್ ಎಸಿ ಒಂದು ನಿಮಿಷ ಕೊಟ್ಟು ನೋಡು. ಯಾಕೆ ಅಷ್ಟೇ ಅಂತರ ಎಂದು ಕೇಳಿದರೆ ಉತ್ತರ ಅಲ್ಲೇ ಸಿಗುತ್ತಿರಲಿಲ್ಲ. ಹಿಂದೆ ಎಲ್ಲೋ ಏನೋ ಆಗಿತ್ತು, ಅದಕ್ಕೆ ಒಂದು ನಿಯಮ ಸೇರಿಸಿದ್ದರು. ಅಷ್ಟೆ.

ಹಿಂದೆ ಆಗಿದ್ದು ಸಣ್ಣದೇನಲ್ಲ. 1975ರ ಫೆಬ್ರವರಿ 27ರಂದು ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂದಲ್ಲಿದ್ದ ಟೆಲಿಫೋನ್ ಎಕ್ಸ್‌ಚೇಂಜಿಗೆ ಬೆಂಕಿ ಬಿತ್ತು. ಶುರುವಾಗಿದ್ದು ನೆಲಮಾಳಿಗೆಯ ಕೇಬಲ್ ಕೋಣೆಯಲ್ಲಿ. ಪಿವಿಸಿ ಹೊದಿಕೆಯ ಕೇಬಲ್ ಉರಿದರೆ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ತೇವ ಸಿಕ್ಕರೆ ಅದೇ ಆಸಿಡ್. ಒಂದೂವರೆ ಲಕ್ಷಕ್ಕೂ ಜಾಸ್ತಿ ಫೋನ್‌ಗಳು ಸತ್ತವು. ಸರಿಯಾಗಲು ಮೂರು ವಾರ ಹಿಡಿಯಿತು. ಅವತ್ತು ಯಾರೂ ಸಾಯಲಿಲ್ಲ. ಆದರೆ ಆ ಹೊಗೆ ಕುಡಿದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಎಷ್ಟೋ ಜನರಿಗೆ ಮುಂದೆ ಕ್ಯಾನ್ಸರ್ ಬಂತು. ಆಮೇಲೆ 1988ರ ಮೇ 8, ಭಾನುವಾರ, ಶಿಕಾಗೊ ಪಕ್ಕದ ಹಿನ್ಸ್‌ಡೇಲ್ ಎಂಬ ಊರಿನ ಎಕ್ಸ್‌ಚೇಂಜ್. ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ಅಲಾರಂ ಬಡಿದಿದ್ದು ದೂರದ ಇನ್ನೊಂದು ಊರಿನಲ್ಲಿ. ಸುಮಾರು 35,000 ಮನೆ-ಅಂಗಡಿಗಳ ಫೋನು ಹೋಯಿತು. ವಿಮಾನ ನಿಲ್ದಾಣದ ಕೆಲಸಕ್ಕೂ ಪೆಟ್ಟು ಬಿತ್ತು.

ಇಂಥ ಬೆಂಕಿಗಳ ಪಾಠ ಟೆಲಿಫೋನ್ ಉಪಕರಣಗಳಿಗೆಂದು ಇರುವ ಅಮೆರಿಕದ ನೆಬ್ಸ್ ನಿಯಮಗಳೊಳಗೆ ಸೇರಿದೆ. ಅದರಲ್ಲಿ ಒಂದು ಪರೀಕ್ಷೆಯ ವಿಡಿಯೊ ನನಗೆ ತರಬೇತಿಯಲ್ಲಿ ತೋರಿಸಿದ್ದರು. ಉಪಕರಣದ ಒಳಗೇ ಗ್ಯಾಸ್ ಬರ್ನರ್ ಇಟ್ಟು ಬೇಕೆಂದೇ ಬೆಂಕಿ ಹಚ್ಚುತ್ತಾರೆ. ಬೆಂಕಿ ಪಕ್ಕದ ಶೆಲ್ಫಿಗೆ ಹಬ್ಬಬಾರದು, ತಾನಾಗಿ ಆರಬೇಕು. ಲಕ್ಷಗಟ್ಟಲೆ ಬೆಲೆಯ ಹೊಸ ಉಪಕರಣ ಕರ್ರಗೆ ಸುಟ್ಟು ನಿಂತಿತ್ತು. ಪಾಸ್ ಆಗಿತ್ತು. ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ಒಳ್ಳೇದು ಮಾಡ್ತವ್ರೆ" ಅಂದರು.

ಇಷ್ಟಾಗುವ ಹೊತ್ತಿಗೆ ಪೆಟ್ಟಿಗೆ ಮನೆ ಬದಲಾಯಿಸಿತ್ತು. ಎಕ್ಸ್‌ಚೇಂಜಿನ ಬೀಗದ ಕೋಣೆಯಲ್ಲಿದ್ದದ್ದು ಬೀದಿಯ ಕಂಬಕ್ಕೆ ಬಂತು, ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೆ ಬಂತು, ಕೊನೆಗೆ ನಮ್ಮ ಹಾಲ್‌ಗೆ ಬಂತು. ಟಿವಿಯೂ ಕಂಪ್ಯೂಟರ್ ಆಯಿತು, ಕಂಪ್ಯೂಟರೂ ಟಿವಿ ಆಯಿತು. ಎರಡಕ್ಕೆ ಎರಡು ಪುಸ್ತಕ ಇಟ್ಟುಕೊಳ್ಳುವುದರಲ್ಲಿ ಅರ್ಥ ಉಳಿಯಲಿಲ್ಲ. ಹೀಗೆ ಬಂದದ್ದು ಐಇಸಿ 62368-1. ಮೊದಲ ಆವೃತ್ತಿ 2010ರಲ್ಲಿ, ಆಮೇಲೆ 2014, 2018, ಈಗ ನಾಲ್ಕನೆಯದು 2023ರದ್ದು. ಯುರೋಪಿನಲ್ಲಿ ಹಳೆಯದನ್ನು ನಿಲ್ಲಿಸಲು ಮೊದಲು 2019ರ ಜೂನ್ ಎಂದಿದ್ದರು. ಕಂಪನಿಗಳಿಗೆ ಆಗಲಿಲ್ಲ. 2020ರ ಡಿಸೆಂಬರ್ 20ಕ್ಕೆ ಮುಂದೆ ಹಾಕಿದರು. ಆ ಒಂದೂವರೆ ವರ್ಷ ಸಿಕ್ಕಿರದಿದ್ದರೆ ನಮ್ಮಂಥ ಸಣ್ಣ ಕಂಪನಿ ರಫ್ತು ನಿಲ್ಲಿಸಬೇಕಾಗುತ್ತಿತ್ತು.

ಹೊಸ ಪುಸ್ತಕದ ಯೋಚನೆಯ ದಾರಿಯೇ ಬೇರೆ. ನಮ್ಮಲ್ಲಿ ಹೊಸದಾಗಿ ಸೇರುವ ಹುಡುಗಿಯರಿಗೆ ನಾನು ಅಡುಗೆಮನೆಯ ಲೆಕ್ಕದಲ್ಲಿ ಹೇಳಿಕೊಡುತ್ತೇನೆ. ಒಲೆಯ ಮೇಲೆ ಸಾರು ಕುದಿಯುತ್ತಿದೆ. ಪಕ್ಕದಲ್ಲಿ ಒಂದು ಮಗು ಓಡಾಡುತ್ತಿದೆ. ನಡುವೆ ಏನಿದೆ? ಕಟ್ಟೆ ಎತ್ತರ ಇದೆಯಾ? ಪಾತ್ರೆಯ ಹಿಡಿ ಒಳಕ್ಕೆ ತಿರುಗಿದೆಯಾ? ಅಮ್ಮ ಅಲ್ಲೇ ನಿಂತಿದ್ದಾಳಾ? ಸ್ಟ್ಯಾಂಡರ್ಡ್ ಕೇಳುವುದೂ ಈ ಮೂರನ್ನೇ. ಎಲ್ಲಿ ಎಷ್ಟು ಶಕ್ತಿ ಇದೆ, ಯಾರ ಮೈ ಅದಕ್ಕೆ ತಾಗಬಹುದು, ನಡುವೆ ತಡೆ ಏನು. ಶಕ್ತಿಯನ್ನು ಮೂರು ದರ್ಜೆ ಮಾಡಿದ್ದಾರೆ. ಒಂದನೇ ದರ್ಜೆ ತಾಗಿದರೆ ಗೊತ್ತಾಗಬಹುದು, ನೋವಿಲ್ಲ. ಎರಡನೆಯದು ನೋಯಿಸುತ್ತದೆ, ಗಾಯ ಮಾಡುವುದಿಲ್ಲ. ಮೂರನೆಯದು ಗಾಯ ಮಾಡುತ್ತದೆ. ಕರೆಂಟಿಗೂ ಹಾಗೇ, ಬಿಸಿಗೂ ಹಾಗೇ. ಬೆಂಕಿಗೂ ಮೂರು ದರ್ಜೆ, ಅಲ್ಲಿ ಹತ್ತಿಕೊಳ್ಳುವುದು ಎಷ್ಟು ಸುಲಭ ಎಂಬ ಲೆಕ್ಕ. ಬ್ಯಾಟರಿಯಿಂದ ಬರುವಂಥ ಡಿಸಿ ಕರೆಂಟಿನಲ್ಲಿ 60 ವೋಲ್ಟ್ ತನಕ ಒಂದನೇ ದರ್ಜೆ. ಅಪ್ಪನ 48 ಅದರೊಳಗೇ ಬರುತ್ತದೆ.

ಮನುಷ್ಯರೂ ಈಗ ಮೂರು ಬಗೆ. ಸಾಮಾನ್ಯರು. ಯಾವುದು ಮುಟ್ಟಬಾರದು ಎಂದು ಹೇಳಿಸಿಕೊಂಡವರು. ಕಸುಬು ಬಲ್ಲವರು. ಒಂದನೇ ದರ್ಜೆ ಸಾಮಾನ್ಯರ ಕೈಗೆ ಸಿಗಬಹುದು. ಎರಡನೆಯದು ಹೇಳಿಸಿಕೊಂಡವರಿಗೆ. ಮೂರನೆಯದರ ಹತ್ತಿರ ಕಸುಬು ಬಲ್ಲವರು ಮಾತ್ರ, ಅವರಿಗೂ ಕೈ ತಪ್ಪಿ ತಾಗದ ಹಾಗೆ ಅಡ್ಡ ಇರಬೇಕು. ಇದನ್ನೊಮ್ಮೆ ಮನೆಯಲ್ಲಿ ಹೇಳುತ್ತಿದ್ದೆ. ಅಪ್ಪ ಕೇಳಿದರು, "ಆ ಪುಸ್ತಕದಲ್ಲಿ ನನ್ನನ್ನ ಏನಂತ ಬರ್ದವ್ರೆ?" ಕಸುಬು ಬಲ್ಲವರು ಅಂತ, ಅಂದೆ. "ನಿಮ್ಮವ್ವನ್ನ?" ಸಾಮಾನ್ಯರು. ಒಳಗಿನಿಂದ ಅಮ್ಮ ಕೂಗಿದಳು, "ಸಾಮಾನ್ಯ್ರು ಮುಟ್ಟಿದ್ರೂ ಏನೂ ಆಗ್ದಂಗೆ ಮಾಡ್ಬೇಕು ತಾನೆ?" ನೂರಾರು ಪುಟದ ಪುಸ್ತಕದ ತಿರುಳು ಅದೇ.

ಒಂದು ಸಣ್ಣ ಉದಾಹರಣೆ ಹೇಳುತ್ತೇನೆ. ಸಾಕೆಟ್‌ನಿಂದ ಪ್ಲಗ್ ಕಿತ್ತಾಗ ಅದರ ಪಿನ್ನುಗಳಲ್ಲಿ ಇನ್ನೂ ಕರೆಂಟು ಉಳಿದಿರಬಹುದು. ಒಳಗಿನ ಕೆಪಾಸಿಟರ್ ಹಿಡಿದಿಟ್ಟುಕೊಂಡಿರುತ್ತದೆ. ಪ್ಲಗ್ ಕೀಳುವಾಗ ನಮ್ಮ ಬೆರಳು ಪಿನ್ನಿಗೆ ತಾಗುತ್ತದೆ ಅಲ್ವಾ? ಹಳೆಯ ನಿಯಮದಲ್ಲಿ ಒಂದು ಸೆಕೆಂಡಿನಲ್ಲಿ ವೋಲ್ಟೇಜು ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿದರೆ ಸಾಕಿತ್ತು. ಹೊಸದರಲ್ಲಿ ಕಿತ್ತು 2 ಸೆಕೆಂಡ್ ಆದ ಮೇಲೆ ಪಿನ್ನಿನಲ್ಲಿ ಸಾಮಾನ್ಯರು ಮುಟ್ಟಬಹುದಾದ ಮಟ್ಟವೇ ಇರಬೇಕು. ಕೆಪಾಸಿಟರ್ ದೊಡ್ಡದಿದ್ದರೆ ಅದು 60 ವೋಲ್ಟ್. ಮೊದಲನೆಯದು ಸರ್ಕ್ಯೂಟಿನ ಲೆಕ್ಕ. ಎರಡನೆಯದು ಬೆರಳಿನ ಲೆಕ್ಕ. ಮುಟ್ಟಿ ನೋಡಲು ನಮ್ಮ ಹತ್ತಿರ ಲೋಹದ ಬೆರಳೇ ಇದೆ, ಗೆಣ್ಣುಗಳಿರುವ ಟೆಸ್ಟ್ ಫಿಂಗರ್. ಮಕ್ಕಳು ಇರುವ ಜಾಗದ ಉಪಕರಣಕ್ಕೆ ಅದರಲ್ಲೇ ಸಣ್ಣ ಬೆರಳಿನದು ಬೇರೆ. ಮೊದಲ ಸಲ ಅದನ್ನು ಕೈಯಲ್ಲಿ ಹಿಡಿದಾಗ ನನ್ನ ಮಗಳಿಗೆ ಎರಡು ವರ್ಷ. ತಣ್ಣಗಿನ, ಸಣ್ಣ, ಉಕ್ಕಿನ ಬೆರಳು. ಅವತ್ತಿಂದ ಆ ಪರೀಕ್ಷೆಯನ್ನು ಬೇರೆಯವರಿಗೆ ವಹಿಸಿಲ್ಲ.

ಹಳೆಯದರಿಂದ ಹೊಸದಕ್ಕೆ ಬಂದಾಗ ನಾವು ಎಡವಿದ್ದು ಅಡಾಪ್ಟರಿನಲ್ಲಿ. ಆ ಅಡಾಪ್ಟರ್ ಹೊರಗಿನಿಂದ ಕೊಂಡದ್ದು. ಲೇಬಲ್ ಮೇಲೆ 12 ವೋಲ್ಟ್, 1 ಆಂಪಿಯರ್. ಅಂದರೆ 12 ವ್ಯಾಟ್. 15 ವ್ಯಾಟ್ ಒಳಗಿದ್ದರೆ ಬೆಂಕಿಯ ಲೆಕ್ಕದಲ್ಲಿ ಒಂದನೇ ದರ್ಜೆ, ಮುಂದೆ ಜಾಸ್ತಿ ಪ್ರಶ್ನೆ ಇಲ್ಲ. ನಾವೂ ಹಾಗೇ ಅಂದುಕೊಂಡಿದ್ದೆವು. ಆದರೆ ಹೊಸ ಪುಸ್ತಕ ಲೇಬಲ್ ಕೇಳುವುದಿಲ್ಲ. ಜಗ್ಗಿದರೆ ಎಷ್ಟು ಕೊಡುತ್ತೆ ಅಂತ ಕೇಳುತ್ತದೆ. ಲೋಡ್ ಹಾಕಿ ಕರೆಂಟು ಏರಿಸುತ್ತಾ ಹೋದೆ. ಒಂದೂಕಾಲು ಆಂಪಿಯರ್ ದಾಟಿತು, ಒಂದೂವರೆ ದಾಟಿತು, ಅಡಾಪ್ಟರ್ ಸುಮ್ನೆ ಕೊಡುತ್ತಲೇ ಇತ್ತು. ಮೂರು ಸೆಕೆಂಡ್ ಆದ ಮೇಲೆ ಓದಿದರೆ 19 ವ್ಯಾಟ್. ಎರಡನೇ ದರ್ಜೆಗೆ ಬಿತ್ತು. ಈಗ ಪೆಟ್ಟಿಗೆಯೊಳಗಿನ ಬೋರ್ಡು, ಕನೆಕ್ಟರು, ವೈರು, ಎಲ್ಲದಕ್ಕೂ ಬೆಂಕಿ ಹಬ್ಬಿಸುವುದಿಲ್ಲ ಎಂಬ ಕಾಗದ ಬೇಕು. ಬೋರ್ಡಿಗೆ ಇತ್ತು. ಒಂದು ಕನೆಕ್ಟರಿನ ಪ್ಲಾಸ್ಟಿಕ್ಕಿಗೆ ಇರಲಿಲ್ಲ. ಒಂದಕ್ಕೆ ನಾಲ್ಕು ರೂಪಾಯಿಯೂ ಇಲ್ಲದ ಕನೆಕ್ಟರ್. ಅದನ್ನು ಬದಲಾಯಿಸಿ, ಮತ್ತೆ ಟೆಸ್ಟ್ ಮಾಡಿ, ರಿಪೋರ್ಟ್ ಬರುವಷ್ಟರಲ್ಲಿ ಎರಡು ತಿಂಗಳು ಹೋಯಿತು. ಮ್ಯಾನೇಜರಿಗೆ ಸಿಟ್ಟು. ನನಗೆ ಸಮಾಧಾನ. ಆ ಪ್ಲಾಸ್ಟಿಕ್ ಚೂರನ್ನು ಜ್ವಾಲೆಗೆ ಹಿಡಿದು ನೋಡಿದ್ದೆ. ಎಣ್ಣೆ ದೀಪದ ಬತ್ತಿ ಹಾಗೆ ಹನಿ ಹನಿಯಾಗಿ ಉರಿದು ಬಿತ್ತು.

ನಮ್ಮ ದೇಶದಲ್ಲಿ ನಿಯಮ ಎರಡು ಕಡೆಯಿಂದ ಬಂತು. 2012ರ ಕಡ್ಡಾಯ ನೋಂದಣಿ ಆದೇಶದಿಂದ ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್ ಗುರುತು ಬಂತು. ನಿಮ್ಮ ಮನೆಯ ಅಡಾಪ್ಟರ್ ತಿರುಗಿಸಿ ನೋಡಿ. ಐಎಸ್ ನಂಬರ್ ಮತ್ತು 'ಆರ್' ಅಕ್ಷರದ ಮುಂದೆ ಎಂಟು ಅಂಕಿ ಇರಬೇಕು. ಹಳೆಯದಾದರೆ 13252 ಅಂತ ಇರುತ್ತದೆ, ಹೊಸದಾದರೆ 62368. ಇನ್ನೊಂದು ಕಡೆ, 2017ರಲ್ಲಿ ಟೆಲಿಗ್ರಾಫ್ ನಿಯಮಗಳಿಗೆ ತಿದ್ದುಪಡಿ ತಂದು ಟೆಲಿಕಾಂ ಉಪಕರಣಗಳನ್ನು ಇಲ್ಲೇ ಪರೀಕ್ಷೆ ಮಾಡಿಸಿ, ದೂರಸಂಪರ್ಕ ಇಲಾಖೆಯ ತಾಂತ್ರಿಕ ವಿಭಾಗವಾದ ಟಿಇಸಿಯ ಸರ್ಟಿಫಿಕೇಟ್ ಪಡೆಯಬೇಕು ಎಂದು ಮಾಡಿದರು. ಮೊದಲ ಹಂತ 2019ರ ಅಕ್ಟೋಬರ್ 1ರಿಂದ. ಅಮ್ಮನ ಗೋಡೆಯ ಮೇಲಿರುವಂಥ ಫೈಬರ್ ಪೆಟ್ಟಿಗೆಗಳು ಎರಡನೇ ಹಂತದಲ್ಲಿ, 2020ರ ಅಕ್ಟೋಬರ್ 1ರಿಂದ ಸೇರಿದವು. ಈಗ ಇದರ ಜೊತೆಗೆ ಕದ್ದು ಒಳನುಗ್ಗುವವರಿಂದ ಉಪಕರಣ ಕಾಯುವ ಪರೀಕ್ಷೆಗಳೂ ಬರುತ್ತಿವೆ. ಆ ವಿಷಯ ಇನ್ನೊಂದು ದಿನ.

ನನಗೆ ಸಂಕಟ ಆಗುವುದು ಇದಾದ ಮೇಲಿನದು. ಲ್ಯಾಬಿನಲ್ಲಿ ಎಲ್ಲ ಸರಿಯಾಗಿ ಪಾಸಾದ ಪೆಟ್ಟಿಗೆ ಬೀದಿಗೆ ಹೋಗುತ್ತದೆ. ಒಂದು ವರ್ಷಕ್ಕೆ ಅಡಾಪ್ಟರ್ ಕೆಡುತ್ತದೆ. ಅಂಗಡಿಗೆ ಹೋಗಿ ಪಿನ್ ಹೊಂದುವ ಯಾವುದೋ ಅಡಾಪ್ಟರ್ ತರುತ್ತೇವೆ, ಗುರುತಿಲ್ಲ, ನಂಬರಿಲ್ಲ. ಅಲ್ಲಿಗೆ ನಾವು ಮಾಡಿದ ಕೆಲಸ ಪೂರ್ತಿ ನೀರಿನಲ್ಲಿ ಹೋಮ. ಮಂಡ್ಯದಲ್ಲಿ ನಮ್ಮ ಬೀದಿಯ ಕೊನೆಯ ಮನೆಯ ತಾರಸಿ ಮೇಲೆ ಇಂಟರ್‌ನೆಟ್‌ನವರ ಸ್ವಿಚ್ ಪೆಟ್ಟಿಗೆ ಇದೆ, ಒಂದು ಲೈನನ್ನು ಹಲವು ಮನೆಗಳಿಗೆ ಹಂಚುವಂಥದ್ದು. ಅದಕ್ಕೆ ಆ ಮನೆಯ ನೀರಿನ ಪಂಪಿನ ವೈರಿನಿಂದ ಕರೆಂಟು ಎಳೆದಿದ್ದರು. ಜಾಯಿಂಟಿಗೆ ಬರೀ ಟೇಪು, ಮೇಲೆ ಹಾಲಿನ ಪ್ಲಾಸ್ಟಿಕ್ ಕವರು. ಅರ್ತಿಂಗ್ ಇಲ್ಲ.

ಕೃತಿಕಾ ಮಳೆಯಲ್ಲಿ ಗುಡುಗು ಸಿಡಿಲು ಹೇಗಿರುತ್ತದೆ ಎಂದು ಮಂಡ್ಯದ ಕಡೆಯವರಿಗೆ ಹೇಳಬೇಕಿಲ್ಲ. ಫೈಬರ್ ಅಂದರೆ ಗಾಜು, ಸಿಡಿಲು ಬರಲ್ಲ ಎಂದು ಎಲ್ಲರೂ ಹೇಳುತ್ತಾರೆ. ಗಾಜಿನಲ್ಲಿ ಬರಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಎಷ್ಟೋ ಕೇಬಲ್ಲುಗಳಲ್ಲಿ ಬಲಕ್ಕೆಂದು ಕಬ್ಬಿಣದ ತಂತಿ ಇರುತ್ತದೆ. ತಾರಸಿಯಿಂದ ತಾರಸಿಗೆ ಎಳೆದ ಲ್ಯಾನ್ ಕೇಬಲ್ ತಾಮ್ರವೇ. ಕರೆಂಟಿನ ಲೈನ್ ಇದ್ದೇ ಇದೆ. ಎಕ್ಸ್‌ಚೇಂಜಿನಲ್ಲಿ ಒಳಬರುವ ಪ್ರತಿ ಜೋಡಿ ತಂತಿಯೂ ಎಂಡಿಎಫ್ ಎಂಬ ತಂತಿ ಜೋಡಿಸುವ ಚೌಕಟ್ಟು ದಾಟಿಯೇ ಬರಬೇಕಿತ್ತು. ಅಲ್ಲಿ ಗ್ಯಾಸ್ ಟ್ಯೂಬ್ ಕೂತು ಸಿಡಿಲನ್ನು ಭೂಮಿಗೆ ತಳ್ಳುತ್ತಿತ್ತು. ತಾರಸಿಯ ಮೇಲೆ ಆ ಕಾವಲುಗಾರ ಇಲ್ಲ.

ಆ ಸ್ವಿಚ್ ನೋಡಿಕೊಳ್ಳುವ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಕಾಲಿಗೆ ಹವಾಯಿ ಚಪ್ಪಲಿ. ಸ್ಟ್ಯಾಂಡರ್ಡ್ ಪ್ರಕಾರ ಅವನು ಕಸುಬು ಬಲ್ಲವನು. ಕಸುಬು ಯಾರೂ ಕಲಿಸಿಲ್ಲ. ಕೆಲಸಕ್ಕೆ ಸೇರಿದ ದಿನ ಒಂದು ಏಣಿ, ಒಂದು ಕಟರ್ ಕೊಟ್ಟು ಕಳಿಸಿದ್ದಾರೆ. ಅಪ್ಪ ಎಕ್ಸ್‌ಚೇಂಜಿಗೆ ಸೇರಿದಾಗ ತಿಂಗಳುಗಟ್ಟಲೆ ತರಬೇತಿ ಇತ್ತು. ಪುಸ್ತಕ ಎಷ್ಟು ಚೆನ್ನಾಗಿ ಬದಲಾದರೂ ಈ ಒಂದು ಪದ ಸುಳ್ಳಾದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಆ ಹುಡುಗನ ಮೈಗೂ ಮೂರನೇ ದರ್ಜೆಯ ಶಕ್ತಿಗೂ ನಡುವೆ ಇರಬೇಕಾದ ತಡೆಯೇ ಅವನ ತಿಳುವಳಿಕೆ. ಅದನ್ನು ಕೊಡಬೇಕಾದವರು ಕೊಟ್ಟಿಲ್ಲ.

ಆ ವಾರವೇ ಅವನನ್ನೂ ಅವನ ಜೊತೆಯ ಮೂವರನ್ನೂ ಮನೆಗೆ ಕರೆದೆ. ಜಗಲಿಯ ಮೇಲೆ ಕೂರಿಸಿದೆವು. ಅಮ್ಮ ಮಜ್ಜಿಗೆ ಕೊಟ್ಟಳು. ಅಪ್ಪ ಅರ್ತಿಂಗ್ ಬಗ್ಗೆ ಹೇಳಿದರು. ಟೆಸ್ಟರಿನಲ್ಲಿ ಮೊದಲು ಉರಿಯುವ ಲೈನಿಗೆ ಹಿಡಿದು ನೋಡು, ಟೆಸ್ಟರೇ ಕೆಟ್ಟಿಲ್ಲ ಅಂತ ಖಾತ್ರಿ ಮಾಡ್ಕೊ, ಆಮೇಲೆ ಆರಿಸಿದ ಲೈನಿಗೆ ಹಿಡಿ, ಅಂದರು. ಇಷ್ಟು ಸರಳವಾದದ್ದು ನಾಲ್ಕೂ ಜನಕ್ಕೆ ಗೊತ್ತಿರಲಿಲ್ಲ. ಗುಡುಗು ಶುರುವಾದರೆ ಮಾಲೀಕ ಎಷ್ಟೇ ಫೋನ್ ಮಾಡಿದರೂ ತಾರಸಿ ಹತ್ತಬೇಡಿ ಎಂದು ನಾನು ಹೇಳಿದೆ.

ಅವರಲ್ಲೊಬ್ಬ ಕೇಳಿದ, "ಅಕ್ಕಾ, ಫೈಬರ್ ತುದಿನ ಕಣ್ಣಿಗೆ ಹಿಡ್ಕೊಂಡು ಲೈಟ್ ಬರ್ತಾ ಇದ್ಯಾ ಅಂತ ನೋಡ್ತೀವಿ. ಏನೂ ಆಗಲ್ಲ ಅಲ್ವಾ?"

ನನ್ನ ಎದೆ ಧಸಕ್ ಅಂತು. ಇಂಟರ್‌ನೆಟ್ ತರುವ ಬೆಳಕಿನ ತರಂಗದ ಉದ್ದ 1490 ನ್ಯಾನೋಮೀಟರ್. ನಮ್ಮ ಕಣ್ಣಿಗೆ ಕಾಣುವುದು ಸುಮಾರು 700ರ ತನಕ. ಎಷ್ಟು ಜೋರಾಗಿದ್ದರೂ ಕಾಣುವುದಿಲ್ಲ. ಮನೆಯ ತುದಿಯಲ್ಲಿ ಅದು ದುರ್ಬಲವಾಗಿರುತ್ತದೆ, ಸರಿ. ಆದರೆ ಕೇಬಲ್ ಟಿವಿಗೆಂದು ಆಂಪ್ಲಿಫೈಯರ್ ಹಾಕಿ ಕಳಿಸುವ 1550ರ ಬೆಳಕು ಆ ಆಂಪ್ಲಿಫೈಯರಿನ ಹತ್ತಿರದಲ್ಲಿ ಜೋರಾಗಿರುತ್ತದೆ, ಕಾಣದೆಯೇ ಕಣ್ಣಿಗೆ ಹಾನಿ ಮಾಡಬಹುದು. ಯಾವ ತುದಿ ಯಾವುದು ಎಂದು ಕಂಬದ ಮೇಲೆ ನಿಂತವನಿಗೆ ಹೇಗೆ ಗೊತ್ತಾಗಬೇಕು? ಗೋಡೆಯ ಪೆಟ್ಟಿಗೆಯಿಂದ ಕನೆಕ್ಟರ್ ಬಿಚ್ಚಿ, ತುದಿಯನ್ನು ಅಂಗೈಗೆ ತೋರಿಸಿದೆ. ಕತ್ತಲು. ಅದನ್ನೇ ಬೆಳಕು ಅಳೆಯುವ ಪವರ್ ಮೀಟರಿಗೆ ಸಿಕ್ಕಿಸಿದೆ. ಮೈನಸ್ 19 ಡಿಬಿಎಂ. ಅಂದರೆ ಕಣ್ಣಿಗೆ ಕಾಣದ ಬೆಳಕು ಬರುತ್ತಲೇ ಇತ್ತು. ನಾಲ್ಕೂ ತಲೆ ಆ ಪುಟ್ಟ ಪರದೆಯ ಮೇಲೆ ಬಗ್ಗಿದವು. ಕೇಳಿದ ಹುಡುಗ ಕನೆಕ್ಟರನ್ನು ಕೀಳುವುದು, ಹಾಕುವುದು, ಮೂರು ನಾಲ್ಕು ಸಲ ಮಾಡಿ ನೋಡಿದ. ಆಮೇಲೆ ತುದಿಗೆ ಕ್ಯಾಪ್ ಹಾಕಿ, ಮುಖದಿಂದ ದೂರ ಹಿಡಿದುಕೊಂಡು ನನ್ನ ಕೈಗೆ ಕೊಟ್ಟ.

ಮದ್ದೂರಿನಲ್ಲಿ ಅವನ ಚಿಕ್ಕಪ್ಪನ ಮಗನೂ ಇದೇ ಕೆಲಸದಲ್ಲಿದ್ದಾನಂತೆ, ಅಲ್ಲಿ ಆರು ಜನ ಇದ್ದಾರಂತೆ. ಬರುವ ಭಾನುವಾರ ಅಲ್ಲಿಗೆ ಹೋಗುತ್ತಿದ್ದೇನೆ. ಮೀಟರ್ ತಗೊಂಡು ಹೋಗಬೇಕು, ಲೋಹದ ಬೆರಳನ್ನೂ. ಅಪ್ಪ ತಾವೂ ಬರುತ್ತೇನೆ ಅಂದಿದ್ದಾರೆ.